ಮನೆಯ ಶೆಡ್ಡಿಗೆ ಯಾವ ಆರ್ಗಾನ್ ಮಿಷನ್?

ಹೋದ ತಿಂಗಳು ತಿಪಟೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಟಿಗ್ ಮಿಷನ್ ತಗೋಬೇಕು ಅಂತಿದೀನಿ. ನಾಲ್ಕು ನೋಡಿಟ್ಟಿದೀನಿ. ಒಂದು ಒಂಬತ್ತು ಸಾವಿರ, ಒಂದು ಎಪ್ಪತ್ತು ಸಾವಿರ. ನಾಲ್ಕರ ಮೇಲೂ 200 ಆಂಪ್ ಅಂತಾನೇ ಬರೆದಿದೆ. ಮತ್ತೆ ಎಪ್ಪತ್ತು ಯಾಕೆ ಕೊಡ್ಬೇಕು?"

ಅವನು ಆರು ಹಸು ಕಟ್ಟಿದ್ದಾನೆ. ಹಾಲಿನ ಸ್ಟೀಲ್ ಕ್ಯಾನುಗಳ ಹಿಡಿ ಆಗಾಗ ಕಿತ್ತು ಬರುತ್ತದೆ. ಬಿಡುವಿದ್ದಾಗ ಹಳೆಯ ಬೈಕು ಬಿಚ್ಚಿ ಕಟ್ಟುವ ಹುಚ್ಚೂ ಇದೆ. ನಾನು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ವೆಲ್ಡಿಂಗ್ ಟಾರ್ಚ್ ಹಿಡಿದವನು, ಈಗ ಮನೆಯ ಹಿಂದೆ ಹತ್ತಡಿ ಜಾಗದಲ್ಲಿ ನನ್ನದೇ ಬೆಂಚು ಹಾಕಿಕೊಂಡಿದ್ದೇನೆ. ಅವನಂಥ ಪ್ರಶ್ನೆಯನ್ನು ಈ ಎರಡು ವರ್ಷದಲ್ಲಿ ಎಷ್ಟೋ ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಪೂರ್ತಿ ಬರೆದಿಡುತ್ತೇನೆ.

ಮಿಷನ್ನಿನ ಮಾತಿಗೆ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ನಿಮಗೆ ಟಿಗ್ ಬೇಕೇ? ನಮ್ಮ ಕಡೆ ಟಿಗ್ ಅಂದರೆ ಕೆಲವರಿಗೆ ಗೊತ್ತಾಗುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಅಂದರೆ ಎಲ್ಲರಿಗೂ ಗೊತ್ತು. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಜ್ವಾಲೆ, ಹೊರಡುತ್ತದೆ, ಆ ಕಡ್ಡಿ ಕರಗುವುದಿಲ್ಲ. ಸುತ್ತ ಆರ್ಗಾನ್ ಹರಿದು ಗಾಳಿಯನ್ನು ದೂರವಿಡುತ್ತದೆ. ಬೆಸುಗೆಗೆ ಲೋಹ ತುಂಬುವ ಫಿಲ್ಲರ್ ರಾಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೇಕಾದಷ್ಟೇ ಅದ್ದುತ್ತೀರಿ. ಕಿಡಿ ಹಾರುವುದಿಲ್ಲ, ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಪದರ ಕುಟ್ಟುವ ಕೆಲಸವಿಲ್ಲ, ಒಂದು ಮಿಲಿಮೀಟರಿನ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತಗಡು ಕೂಡ ತೂತಾಗದೆ ಕೂಡುತ್ತದೆ. ಆದರೆ ಕೆಲಸ ನಿಧಾನ. ಲೋಹ ಹೊಳೆಯುವಷ್ಟು ಶುಚಿಯಾಗಿರಬೇಕು, ಗಾಳಿ ಬೀಸಬಾರದು, ಮೇಲಿನ ಫ್ಯಾನ್ ಕೂಡ ಆರಿಸಬೇಕು. ನಿಮ್ಮ ಕೆಲಸ ಗೇಟು, ಗ್ರಿಲ್, ದನದ ಕೊಟ್ಟಿಗೆಯ ಜಿಐ ಪೈಪು, ತುಕ್ಕು ಹಿಡಿದ ನೇಗಿಲು ಆಗಿದ್ದರೆ ಟಿಗ್ ತರಬೇಡಿ. ಜಿಐ ಪೈಪಿನ ಮೇಲಿನ ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು 1,500ರ ಹತ್ತಿರ ಬೇಕು. ಉಕ್ಕು ಕರಗುವ ಮೊದಲೇ ಸತು ಹೊಗೆಯಾಗಿ ಎದ್ದು ಟಂಗ್‌ಸ್ಟನ್ ತುದಿಯನ್ನು ಕೆಡಿಸುತ್ತದೆ. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಅಂಥ ಕೆಲಸಕ್ಕೆ ಒಳ್ಳೆಯ ರಾಡ್ ವೆಲ್ಡಿಂಗ್ ಇನ್ವರ್ಟರ್ ಮಿಷನ್ ಸಾಕು, ಉಳಿದ ದುಡ್ಡು ಉಳಿಯಲಿ. ಸತು ಕೆರೆದು ತೆಗೆದು, ಮೂಗಿಗೆ ಮಾಸ್ಕ್ ಹಾಕಿ, ಬಯಲಿನಲ್ಲಿ ಮಾಡಿ.

ಎಸ್‌ಎಸ್ ಪಾತ್ರೆ, ಬೈಕಿನ ಸೈಲೆನ್ಸರ್, ಸೈಕಲ್ ಫ್ರೇಮ್, ತೆಳು ಎಂಎಸ್ (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು) ಟ್ಯೂಬಿನ ಪೀಠೋಪಕರಣ, ಅಲ್ಯೂಮಿನಿಯಂ ಕೇಸಿಂಗ್, ಇವು ನಿಮ್ಮ ಪಟ್ಟಿಯಲ್ಲಿದ್ದರೆ ಮುಂದೆ ಓದಿ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಲೋಹ. ಬೆಲೆಯಲ್ಲಿ ಹತ್ತಾರು ಸಾವಿರದ ವ್ಯತ್ಯಾಸ ಬರುವುದು ಇಲ್ಲೇ. ಎಂಎಸ್, ಎಸ್‌ಎಸ್, ತಾಮ್ರ, ಟೈಟಾನಿಯಂ ಎಲ್ಲಕ್ಕೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಸಾಕು. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂಗೆ ಎಸಿ ಬೇಕು. ಕಾರಣ ಸರಳ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆಗೆ 2,072 ಡಿಗ್ರಿ ಬೇಕು. ಡಿಸಿಯಲ್ಲಿ ಆರ್ಕ್ ಹೊತ್ತಿಸಿ ನೋಡಿ: ಒಳಗೆ ಲೋಹ ಹಾಲಿನಂತೆ ಕರಗಿರುತ್ತದೆ, ಮೇಲೆ ಕೆನೆಯಂಥ ಪೊರೆ ಸುಕ್ಕಾಗಿ ನಿಲ್ಲುತ್ತದೆ. ಫಿಲ್ಲರ್ ಅದ್ದಿದರೆ ಬೆರೆಯುವುದಿಲ್ಲ, ಕೊನೆಗೆ ಇಡೀ ತುಂಡು ಕೆಳಗೆ ಜಾರಿ ಬೀಳುತ್ತದೆ. ಎಸಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗುತ್ತಲೇ ಇರುತ್ತದೆ. ಟಂಗ್‌ಸ್ಟನ್ ಪ್ಲಸ್ ಆಗುವ ಗಳಿಗೆಯಲ್ಲಿ ಪೊರೆ ಒಡೆಯುತ್ತದೆ, ಮೈನಸ್ ಆಗುವ ಗಳಿಗೆಯಲ್ಲಿ ಲೋಹಕ್ಕೆ ಶಾಖ ಇಳಿಯುತ್ತದೆ. ಈ ವಿಧಾನವನ್ನು 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ಥ್‌ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ರೂಪಿಸಿದ್ದು ಮೆಗ್ನೀಸಿಯಂ ಬೆಸೆಯಲಿಕ್ಕೆಂದೇ, ಆಗ ಆರ್ಗಾನ್ ಬದಲು ಹೀಲಿಯಂ ಬಳಸಿ. ಹಗುರ ಲೋಹದ ಹೆಸರು ಅಲ್ಲಿಂದಲೇ ಟಿಗ್‌ಗೆ ಅಂಟಿಕೊಂಡಿದೆ. ಅದಕ್ಕೇ ಟಿಗ್ ಅಂದಮೇಲೆ ಅಲ್ಯೂಮಿನಿಯಂ ಆಗೇ ಆಗುತ್ತದೆ ಎಂದು ಜನ ನಂಬಿ ಡಿಸಿ ಮಿಷನ್ ಹೊತ್ತು ಮನೆಗೆ ಬರುತ್ತಾರೆ. ನನ್ನ ಮೊದಲ ಮಿಷನ್ ಹಾಗೆಯೇ ಬಂದದ್ದು. ಮಾರಿದವರು "ಅಲ್ಯೂಮಿನಿಯಂ ಆಗುತ್ತೆ ಸಾರ್" ಎಂದರು, ನಾನು ಎಸಿ ಇದೆಯೇ ಎಂದು ಕೇಳಲಿಲ್ಲ. ಹದಿನೈದು ದಿನ ತುಂಡು ಮೇಲೆ ತುಂಡು ಹಾಳು ಮಾಡಿದ ಮೇಲೆ ತಿಳಿಯಿತು.

ಎರಡನೆಯದು ದಪ್ಪ. ಉಕ್ಕಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಎಂಬುದು ಕೈಗೆ ಹತ್ತಿದ ಲೆಕ್ಕ. ಎಸ್‌ಎಸ್ ಶಾಖವನ್ನು ಬೇಗ ಹರಡುವುದಿಲ್ಲ, ಅದಕ್ಕೆ ಸ್ವಲ್ಪ ಕಮ್ಮಿ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ನಾಲ್ಕೈದು ಪಟ್ಟು ಬೇಗ ಶಾಖ ಹರಡುತ್ತದೆ, ಆದ್ದರಿಂದ ಶುರುವಿನಲ್ಲಿ ಜಾಸ್ತಿ ಕೇಳುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಕೆಲಸ ಹಾಕಿ ನೋಡಿ. ಹಾಲಿನ ಕ್ಯಾನು ಒಂದೂವರೆ ಮಿಲಿಮೀಟರ್ ಇದ್ದರೆ 50ರಿಂದ 60 ಆಂಪ್. ಬೈಕಿನ ಫ್ರೇಮಿನ ಎರಡು ಮಿಲಿಮೀಟರ್ ಟ್ಯೂಬು, 80. ಮನೆಯ ಹವ್ಯಾಸದಲ್ಲಿ 3 ಮಿಲಿಮೀಟರ್ ದಾಟುವ ಕೆಲಸ ಅಪರೂಪ, ಅಂದರೆ 120 ಆಂಪ್. 200ರ ಮಿಷನ್ನಿನ ಮೇಲಿನ ಅಂಚನ್ನು ನೀವು ಮುಟ್ಟುವುದೇ ಇಲ್ಲ. ಮುಟ್ಟುವುದು ಕೆಳಗಿನ ಅಂಚನ್ನು. 10 ಆಂಪಿನಲ್ಲಿ ಆರ್ಕ್ ಅಲುಗಾಡದೆ ನಿಲ್ಲುತ್ತದೆಯೇ ಎಂಬುದು 250ಕ್ಕೆ ಏರುತ್ತದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಮೂರನೆಯದು ಮನೆಯ ಕರೆಂಟು. ಇದರ ಬಗ್ಗೆ ಜನಕ್ಕೆ ಇರುವ ಭಯ ಪೂರ್ತಿ ನಿಜವಲ್ಲ. ಟಿಗ್ ಆರ್ಕಿನ ವೋಲ್ಟೇಜ್ ಕಡಿಮೆ. 120 ಆಂಪಿಗೆ 15 ವೋಲ್ಟಿನ ಹತ್ತಿರ, ಅಂದರೆ ಆರ್ಕಿನಲ್ಲಿ 1,800 ವ್ಯಾಟ್. ಮಿಷನ್ನಿನ ಒಳಗಿನ ನಷ್ಟ, ಪವರ್ ಫ್ಯಾಕ್ಟರ್ ಎಲ್ಲ ಸೇರಿಸಿದರೂ 230 ವೋಲ್ಟಿನ ಲೈನಿನಿಂದ ಸುಮಾರು 14 ಆಂಪ್ ಎಳೆಯುತ್ತದೆ. ಗಟ್ಟಿಯಾಗಿ ಹಾಕಿದ 16 ಆಂಪಿನ ಪ್ಲಗ್ಗು ತಡೆಯುತ್ತದೆ. ಅದೇ 120 ಆಂಪಿನಲ್ಲಿ ರಾಡ್ ವೆಲ್ಡಿಂಗ್ ಮಾಡಿದರೆ ಆರ್ಕ್ ವೋಲ್ಟೇಜ್ 25ರ ಹತ್ತಿರ ಹೋಗುತ್ತದೆ, ಲೈನಿನಿಂದ 23 ಆಂಪ್ ಬೇಕಾಗುತ್ತದೆ, ಆ ಪ್ಲಗ್ಗು ಬಿಸಿಯಾಗುತ್ತದೆ. ಟಿಗ್‌ನಲ್ಲಿ ಪೂರ್ತಿ 200 ಬೇಕೆಂದರೆ 28 ಆಂಪ್ ಆಗುತ್ತದೆ. ಅದಕ್ಕೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ, 32 ಆಂಪಿನ ಸಿ ಟೈಪ್ ಎಂಸಿಬಿ ಹಾಕಿಸಿ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಯಾವ ಮಿಷನ್ನನ್ನೂ ಹಚ್ಚಬೇಡಿ.

ಈ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ. ಮಿಷನ್ನಿನ ಹಿಂದಿನ ತಗಡಿನ ಮೇಲೆ ಎಷ್ಟು ಇನ್‌ಪುಟ್ ಆಂಪ್ ಎಂದು ಬರೆದಿರುತ್ತದೆ. ಟಿಗ್‌ನಲ್ಲಿ 200 ಆಂಪ್ ಕೊಡುತ್ತೇನೆ ಎನ್ನುವ ಮಿಷನ್ ಏನೂ ನಷ್ಟವಿಲ್ಲದೆ ಓಡಿದರೂ ಲೈನಿನಿಂದ 16 ಆಂಪ್ ಎಳೆಯಲೇಬೇಕು. ಅಲ್ಲಿ 12 ಎಂದು ಬರೆದಿದ್ದರೆ ಮುಂಭಾಗದಲ್ಲಿ ಬರೆದ 200 ಸುಳ್ಳು. ಅದೇ ತಗಡಿನ ಮೇಲೆ ಡ್ಯೂಟಿ ಸೈಕಲ್ ಕೂಡ ಇರುತ್ತದೆ. 60 ಶೇಕಡಾ ಎಂದರೆ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಬೆಸೆಯಬಹುದು, ನಾಲ್ಕು ನಿಮಿಷ ಬಿಡಬೇಕು. 80 ಆಂಪಿನಲ್ಲಿ ಕೆಲಸ ಮಾಡುವ ನಮಗೆ ಇದು ದೊಡ್ಡ ಅಡ್ಡಿಯಲ್ಲ.

ನಾಲ್ಕನೆಯದು ಆರ್ಕ್ ಹೊತ್ತಿಸುವ ಬಗೆ. ಬೆಂಕಿಕಡ್ಡಿಯಂತೆ ಗೀರಿ ಹೊತ್ತಿಸುವುದು ಒಂದು. ಗೀರಿದಾಗಲೆಲ್ಲ ಟಂಗ್‌ಸ್ಟನ್ ತುದಿ ಲೋಹಕ್ಕೆ ಅಂಟುತ್ತದೆ, ಮತ್ತೆ ಗ್ರೈಂಡ್ ಮಾಡಬೇಕು. ಲಿಫ್ಟ್ ಎಂಬುದರಲ್ಲಿ ಮುಟ್ಟಿಸಿ ಮೆಲ್ಲಗೆ ಎತ್ತಬೇಕು, ಮುಟ್ಟಿದಾಗ ಮಿಷನ್ ಕರೆಂಟನ್ನು ತಗ್ಗಿಸಿರುತ್ತದೆ. ಎಚ್‌ಎಫ್, ಅಂದರೆ ಹೈ ಫ್ರೀಕ್ವೆನ್ಸಿಯಲ್ಲಿ, ಮುಟ್ಟಿಸುವ ಹಾಗೇ ಇಲ್ಲ. ಎರಡು ಮಿಲಿಮೀಟರ್ ದೂರದಲ್ಲಿ ಟಾರ್ಚ್ ಹಿಡಿದು ಸ್ವಿಚ್ ಒತ್ತಿದರೆ ಚಟಪಟ ಸದ್ದಿನೊಂದಿಗೆ ಆರ್ಕ್ ತಾನೇ ಜಿಗಿಯುತ್ತದೆ. ಕಲಿಯುವವರಿಗೆ ಎಚ್‌ಎಫ್ ಕೊಡುವ ನೆಮ್ಮದಿಯನ್ನು ಎಷ್ಟು ಹೇಳಿದರೂ ಸಾಲದು. ಕಲಿಕೆಯ ಮೊದಲ ತಿಂಗಳು ನೀವು ನೂರು ಸಲ ಆರ್ಕ್ ಹೊತ್ತಿಸುತ್ತೀರಿ. ಒಂದು ಎಚ್ಚರ: ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದರೆ ಅವರು ಮಿಷನ್ನಿನ ಹತ್ತಿರ ಬರಬಾರದು, ವೈದ್ಯರನ್ನು ಕೇಳದೆ ತರಲೂಬಾರದು.

ಉಳಿದವು, ಅಂದರೆ ಗ್ಯಾಸ್ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ ಎಂಬವು, ನಿಮ್ಮ ಊರಿಗೆ ಸಂಬಂಧಿಸಿದ ಮಾತು. ಆಮೇಲೆ ಬರುತ್ತೇನೆ.

ರಾಡ್ ಮಿಷನ್ನಿಗೆ ಟಿಗ್ ಟಾರ್ಚ್ ಹಾಕಿಕೊಳ್ಳುವುದು

ಅಕ್ಕನ ಮಗ ನೋಡಿಟ್ಟಿದ್ದ ಒಂಬತ್ತು ಸಾವಿರದ್ದು ಇದು. ಮೂಲತಃ ರಾಡ್ ವೆಲ್ಡಿಂಗ್ ಇನ್ವರ್ಟರ್, ಜೊತೆಗೆ ಲಿಫ್ಟ್ ಟಿಗ್ ಎಂಬ ಸ್ವಿಚ್ಚು. ಏಳರಿಂದ ಹನ್ನೆರಡು ಸಾವಿರದೊಳಗೆ ಸಿಗುತ್ತದೆ. ಗ್ಯಾಸನ್ನು ಮಿಷನ್ ನಿಯಂತ್ರಿಸುವುದಿಲ್ಲ. ಟಾರ್ಚ್ ಕುತ್ತಿಗೆಯಲ್ಲಿ ನಲ್ಲಿಯಂಥ ವಾಲ್ವ್ ಇರುತ್ತದೆ, ಅದನ್ನು ಕೈಯಲ್ಲಿ ತಿರುಗಿಸಬೇಕು. ಆ ಟಾರ್ಚನ್ನು ಪ್ರತ್ಯೇಕ ಕೊಳ್ಳಬೇಕು.

ಇದರ ತೊಂದರೆ ಮುಗಿಸುವಾಗ ಕಾಣುತ್ತದೆ. ಟಿಗ್ ಮಿಷನ್ನಿನಲ್ಲಿ ಸ್ವಿಚ್ ಬಿಟ್ಟಾಗ ಕರೆಂಟು ಮೆಲ್ಲಗೆ ಇಳಿಯುತ್ತದೆ, ಬೆಸುಗೆಯ ಕೊನೆಯಲ್ಲಾದ ಕುಳಿ ತುಂಬಿಕೊಳ್ಳುತ್ತದೆ, ಗ್ಯಾಸು ಇನ್ನೂ ಕೆಲವು ಸೆಕೆಂಡು ಹರಿದು ಬಿಸಿ ಲೋಹವನ್ನು ಕಾಯುತ್ತದೆ. ಇದರಲ್ಲಿ ಆರ್ಕ್ ಆರಿಸಲು ಟಾರ್ಚನ್ನು ಎಳೆದುಕೊಳ್ಳಬೇಕು. ಟಾರ್ಚ್ ಜೊತೆ ಗ್ಯಾಸೂ ದೂರ ಹೋಗುತ್ತದೆ, ಬೆಸುಗೆಯ ಕೊನೆಯಲ್ಲಿ ಸೂಜಿ ಮೊನೆಯಷ್ಟು ತೂತು ಉಳಿಯುತ್ತದೆ. ಹಾಲಿನ ಕ್ಯಾನಿನಲ್ಲಿ ಆ ತೂತೇ ಸೋರುವುದು. ಕೊನೆಯಲ್ಲಿ ಬೇರೊಂದು ತುಂಡು ತಗಡನ್ನು ಒತ್ತಿಟ್ಟು ಅದರ ಮೇಲೆ ಆರ್ಕ್ ಎಳೆದು ಮುಗಿಸುವ ಉಪಾಯವಿದೆ, ಕೈ ಪಳಗಿದವರು ಮಾಡುತ್ತಾರೆ.

ಇನ್ನೊಂದು ತಪ್ಪು ಈ ಮಿಷನ್ನಿನಲ್ಲೇ ಹೆಚ್ಚು. ರಾಡ್ ವೆಲ್ಡಿಂಗಿನಲ್ಲಿ ಹೋಲ್ಡರ್ ಸಾಮಾನ್ಯವಾಗಿ ಪ್ಲಸ್‌ನಲ್ಲಿರುತ್ತದೆ. ಟಿಗ್‌ಗೆ ಟಾರ್ಚ್ ಮೈನಸ್‌ಗೆ, ಅರ್ಥ್ ಕ್ಲಾಂಪ್ ಪ್ಲಸ್‌ಗೆ ಹೋಗಬೇಕು. ಮರೆತು ಹಳೆಯದರಂತೆ ಸಿಕ್ಕಿಸಿದರೆ ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಉಂಡೆಯಾಗಿ ತೊಟ್ಟಿಕ್ಕುತ್ತದೆ.

ವರ್ಷಪೂರ್ತಿ ರಾಡ್ ಕೆಲಸ, ಎಲ್ಲೋ ತಿಂಗಳಿಗೊಮ್ಮೆ ಎಸ್‌ಎಸ್ ಎನ್ನುವವರಿಗೆ, ಅದರಲ್ಲೂ ಈಗಾಗಲೇ ಇಂಥ ಮಿಷನ್ ಮನೆಯಲ್ಲಿರುವವರಿಗೆ, ನಾನು ಇದನ್ನೇ ಹೇಳುತ್ತೇನೆ. ಟಾರ್ಚು, ಸಿಲಿಂಡರು ತಂದು ಕಲಿಯಿರಿ. ಹೊಸದಾಗಿ ಟಿಗ್‌ಗೆಂದೇ ಕೊಳ್ಳುವವರು ಇನ್ನು ಸ್ವಲ್ಪ ದುಡ್ಡು ಕೂಡಿಸಿ.

ಮೂರು ಒಂದರಲ್ಲಿ

ಮಿಗ್ (ತಂತಿ ತಾನೇ ಹರಿದು ಬಂದು ಕರಗುವ ವೆಲ್ಡಿಂಗ್), ಟಿಗ್, ರಾಡ್ ಮೂರೂ ಒಂದೇ ಡಬ್ಬಿಯಲ್ಲಿ, ಸುಮಾರು ಇಪ್ಪತ್ತರಿಂದ ನಲವತ್ತು ಸಾವಿರ. ಇವುಗಳಲ್ಲಿ ಹೆಚ್ಚಿನವು ಮಿಗ್ ಮಿಷನ್‌ಗಳು, ಟಿಗ್ ಎಂಬುದು ಬಾಲಂಗೋಚಿಯಾಗಿ ಡಿಸಿ ಲಿಫ್ಟ್ ಮಾತ್ರ. ಮೇಲೆ ಹೇಳಿದ ತೊಂದರೆಗಳೆಲ್ಲ ಇಲ್ಲೂ ಇರುತ್ತವೆ. ದಪ್ಪ ಟ್ಯೂಬಿನ ಪೀಠೋಪಕರಣ, ಟ್ರೈಲರ್, ಶೆಡ್ಡಿನ ಚೌಕಟ್ಟು ನಿಮ್ಮ ಮುಖ್ಯ ಕೆಲಸವಾದರೆ ಮಿಗ್‌ಗಾಗಿ ಕೊಳ್ಳಿ, ಒಳ್ಳೆಯದೇ. ಟಿಗ್‌ಗಾಗಿ ಬೇಡ. ಮಿಗ್‌ಗೆ ಬಳಸುವ ಸಿಒಟು ಅಥವಾ ಸಿಒಟು ಬೆರೆಸಿದ ಆರ್ಗಾನನ್ನು ಟಿಗ್‌ಗೆ ಹಾಕುವ ಹಾಗಿಲ್ಲ, ಟಂಗ್‌ಸ್ಟನ್ ಸುಟ್ಟುಹೋಗುತ್ತದೆ. ಎರಡೂ ಮಾಡುವವರು ಎರಡು ಸಿಲಿಂಡರ್ ಇಡಬೇಕಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಹೇಳುವವರು ಕಮ್ಮಿ.

ಡಿಸಿ ಟಿಗ್, ಎಚ್‌ಎಫ್ ಇರುವುದು

ಮನೆಯಲ್ಲಿ ಟಿಗ್ ಮಾಡಬೇಕೆಂದು ಹೊರಟ ಹತ್ತು ಜನರಲ್ಲಿ ಏಳೆಂಟು ಜನರಿಗೆ ಬೇಕಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಹದಿನೈದರಿಂದ ಮೂವತ್ತು ಸಾವಿರ. ರಾಡ್ ವೆಲ್ಡಿಂಗೂ ಇದರಲ್ಲೇ ಆಗುತ್ತದೆ. ಗ್ಯಾಸ್ ವಾಲ್ವ್ ಮಿಷನ್ನಿನ ಒಳಗಿರುತ್ತದೆ, ಟಾರ್ಚಿನ ಸ್ವಿಚ್ ಒತ್ತಿದರೆ ಗ್ಯಾಸು, ಆರ್ಕು ಎರಡೂ ಸರದಿಯಲ್ಲಿ ಬರುತ್ತವೆ.

ಇದರೊಳಗೂ ಆರಿಸುವುದಿದೆ. ಮುಂದಿನ ಮುಖದಲ್ಲಿ ಒಂದೇ ತಿರುಗಣೆ ಇರುವವು ಅಗ್ಗ. ಕೊನೆಯಲ್ಲಿ ಕರೆಂಟು ಇಳಿಸುವ ಡೌನ್‌ಸ್ಲೋಪ್, ಆಮೇಲೆ ಗ್ಯಾಸ್ ಹರಿಸುವ ಪೋಸ್ಟ್‌ಫ್ಲೋ, ಈ ಎರಡನ್ನು ನೀವೇ ಹೊಂದಿಸಿಕೊಳ್ಳುವಂತಿರಬೇಕು. ಇವಿಲ್ಲದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. 2ಟಿ, 4ಟಿ ಎಂಬ ಸ್ವಿಚ್ಚು ಉದ್ದದ ಬೆಸುಗೆಯಲ್ಲಿ ಬೆರಳಿಗೆ ವಿಶ್ರಾಂತಿ ಕೊಡುತ್ತದೆ: 2ಟಿಯಲ್ಲಿ ಟಾರ್ಚಿನ ಸ್ವಿಚ್ ಒತ್ತಿಯೇ ಹಿಡಿದಿರಬೇಕು, 4ಟಿಯಲ್ಲಿ ಒಮ್ಮೆ ಒತ್ತಿ ಬಿಟ್ಟರೂ ಆರ್ಕ್ ಉರಿಯುತ್ತಿರುತ್ತದೆ. ಪಲ್ಸ್ ಇದ್ದರೆ ತೆಳು ಎಸ್‌ಎಸ್‌ಗೆ ಸಹಾಯ. ಕರೆಂಟು ಏರಿ ಇಳಿದು, ಪ್ರತಿ ಏರಿಕೆಗೂ ಒಂದು ಬಿಲ್ಲೆ ಕರಗಿ, ಇಳಿಕೆಯಲ್ಲಿ ತಣಿಯುತ್ತದೆ. ಆದರೆ ಪಲ್ಸ್ ಇಲ್ಲದೆಯೂ ಪೀಣ್ಯದಲ್ಲಿ ನಾವು ವರ್ಷಗಟ್ಟಲೆ 1.2 ಮಿಲಿಮೀಟರ್ ಟ್ಯೂಬು ಬೆಸೆದಿದ್ದೇವೆ. ಅದಕ್ಕೆಂದೇ ಐದಾರು ಸಾವಿರ ಹೆಚ್ಚು ಕೊಡುವುದು ಎರಡನೆಯ ಆಸೆಯಾಗಿರಲಿ.

ಕಾಲಿನ ಪೆಡಲ್ ಹಾಕಲು ಹಿಂದೆ ಅಥವಾ ಮುಂದೆ ಪಿನ್ನಿನ ಸಾಕೆಟ್ ಇದೆಯೇ ನೋಡಿ, ಪೆಡಲ್ಲಿನ ಪಿನ್ನು ಅದಕ್ಕೆ ಹೊಂದುತ್ತದೆಯೇ ಎಂದೂ ಕೇಳಿ. ಕುಳಿತು ಬೆಂಚಿನ ಮೇಲೆ ಮಾಡುವವರಿಗೆ ಪೆಡಲ್ ದೊಡ್ಡ ವರ. ತುಂಡು ಕಾಯುತ್ತಾ ಹೋದಂತೆ ಕಾಲು ಸ್ವಲ್ಪ ಎತ್ತಿದರೆ ಸಾಕು, ಕರೆಂಟು ತಗ್ಗುತ್ತದೆ.

ಟಾರ್ಚು ಡಬ್ಲ್ಯುಪಿ-17 ಅಥವಾ 26 ಇರಲಿ. 17 ಗಾಳಿಯಲ್ಲೇ ತಣಿಯುವುದು, 150 ಆಂಪಿನವರೆಗೆ. 26 ಅದಕ್ಕಿಂತ ದಪ್ಪ, 200ರವರೆಗೆ. ಎರಡಕ್ಕೂ ಕಾಲೆಟ್ಟು (ಟಂಗ್‌ಸ್ಟನ್ ಹಿಡಿಯುವ ತುಂಡು), ಗ್ಯಾಸ್ ಹೊರಬರುವ ಕಪ್, ಹಿಂದಿನ ಮುಚ್ಚಳವಾದ ಬ್ಯಾಕ್ ಕ್ಯಾಪು ಒಂದೇ ಆದ್ದರಿಂದ ಬಿಡಿಭಾಗಕ್ಕೆ ಪರದಾಟವಿಲ್ಲ. ತೆಳು ಕೆಲಸಕ್ಕೆ ನನಗೆ 17 ಇಷ್ಟ, ಕೈಗೆ ಹಗುರ.

ಎಸಿ-ಡಿಸಿ

ನಲವತ್ತೈದು ಸಾವಿರದಿಂದ ಶುರು, ಹೆಸರುವಾಸಿ ಕಂಪನಿಯದಾದರೆ ಲಕ್ಷ ದಾಟುತ್ತದೆ. ಇಲ್ಲಿ ಎಸಿ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಇರಲೇಬೇಕು. ಶುಚಿ ಮಾಡುವ ಪಾಲು ಎಷ್ಟು, ಶಾಖದ ಪಾಲು ಎಷ್ಟು ಎಂದು ಅದರಲ್ಲಿ ಹಂಚುತ್ತೀರಿ. ಮೈನಸ್ ಪಾಲು 65ರಿಂದ 75 ಶೇಕಡಾ ಇಟ್ಟರೆ ಹೆಚ್ಚಿನ ಕೆಲಸ ನಡೆಯುತ್ತದೆ. ಶುಚಿಯ ಪಾಲು ಅತಿಯಾದರೆ ಟಂಗ್‌ಸ್ಟನ್ ಕಾದು ಗುಂಡಾಗುತ್ತದೆ. ಕರೆಂಟಿನ ದಿಕ್ಕು ಬದಲಾಗುವ ವೇಗವನ್ನು, ಅಂದರೆ ಫ್ರೀಕ್ವೆನ್ಸಿಯನ್ನು, 100 ಹರ್ಟ್ಸ್ ಆಸುಪಾಸಿಗೆ ಏರಿಸಿದರೆ ಆರ್ಕ್ ಕಿರಿದಾಗಿ ಮೂಲೆಗೆ ಹೋಗುತ್ತದೆ.

ಯಾರಿಗೆ ಬೇಕು? ಬೈಕಿನ ಅಲ್ಯೂಮಿನಿಯಂ ಕೇಸಿಂಗು, ಇಂಟರ್‌ಕೂಲರು, ಟ್ಯಾಂಕು, ದೋಣಿ ಇಂಥವನ್ನು ತಿಂಗಳಿಗೆರಡಾದರೂ ಮಾಡುವವರಿಗೆ. ವರ್ಷಕ್ಕೆ ಎರಡು ಸಲ ಅಲ್ಯೂಮಿನಿಯಂ ಬಂದರೆ ಅದನ್ನು ಜಾಬ್‌ವರ್ಕಿಗೆ ಕೊಡಿ. ಪೀಣ್ಯದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ದಿನವೂ ಅದನ್ನೇ ಮಾಡುವ ಕೈಗಳಿವೆ. ಎರಡು ಮಿಷನ್ನುಗಳ ನಡುವಿನ ಮೂವತ್ತು ಸಾವಿರದಲ್ಲಿ ಎಷ್ಟು ಜಾಬ್ ಮಾಡಿಸಬಹುದು ಲೆಕ್ಕ ಹಾಕಿ. ಅಲ್ಯೂಮಿನಿಯಂ ಕಲಿಯುವುದಕ್ಕೂ ಉಕ್ಕು ಕಲಿಯುವುದಕ್ಕೂ ವ್ಯತ್ಯಾಸವಿದೆ. ಉಕ್ಕು ಕೆಂಪಾಗಿ ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ ಏಕಾಏಕಿ ಕುಸಿಯುತ್ತದೆ. ತಿಂಗಳಿಗೆ ಒಮ್ಮೆಯೂ ಮಾಡದವರ ಕೈ ಅದಕ್ಕೆ ಪಳಗುವುದಿಲ್ಲ.

ಒಂದು ವಿಷಯ ಒತ್ತಿ ಹೇಳಬೇಕು. ಮಲೆನಾಡಿನಿಂದ ಒಬ್ಬರು ಮುರಿದ ಅಲ್ಯೂಮಿನಿಯಂ ಏಣಿ ಬೆಸೆಯಲು ಎಸಿ ಮಿಷನ್ ಕೊಳ್ಳುವ ಯೋಚನೆಯಲ್ಲಿದ್ದರು. ಏಣಿಯಂಥ ಸಾಮಾನಿಗೆ ಬಳಸುವ ಅಲ್ಯೂಮಿನಿಯಂ ಶಾಖಸಂಸ್ಕಾರದಿಂದ ಗಟ್ಟಿಯಾಗಿರುತ್ತದೆ. ಬೆಸೆದರೆ ಬೆಸುಗೆಯ ಪಕ್ಕದ ಭಾಗ ಮೆತ್ತಗಾಗುತ್ತದೆ, ನೋಡಲು ಏನೂ ಗೊತ್ತಾಗುವುದಿಲ್ಲ. ಮನುಷ್ಯನ ಭಾರ ಹೊರುವ ಏಣಿಯನ್ನು ಬೆಸೆದು ಬಳಸಬೇಡಿ, ಯಾವ ಮಿಷನ್ ಇದ್ದರೂ.

ಮಿಷನ್ನಿನಾಚೆಯ ಖರ್ಚು

ಬಜೆಟ್ ಪೂರ್ತಿ ಮಿಷನ್ನಿಗೆ ಸುರಿದವರು ಕೊನೆಗೆ ಅದನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡಿರುವುದನ್ನು ನೋಡಿದ್ದೇನೆ. ಕೈಯಲ್ಲಿ 40 ಸಾವಿರ ಇದ್ದರೆ ಮಿಷನ್ನಿಗೆ ಅರ್ಧ, ಉಳಿದದ್ದಕ್ಕೆ ಅರ್ಧ ಎಂದುಕೊಳ್ಳಿ.

ದೊಡ್ಡ ಖರ್ಚು ಆರ್ಗಾನ್ ಸಿಲಿಂಡರ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಅಳತೆ: ಸುಮಾರು 7 ಘನ ಮೀಟರ್ ಹಿಡಿಯುವ ಆಳೆತ್ತರದ್ದು, ಒಂದೂವರೆ ಘನ ಮೀಟರಿನ ಚಿಕ್ಕದು. ನಿಮಿಷಕ್ಕೆ 8 ಲೀಟರ್ ಹರಿಸಿದರೆ ದೊಡ್ಡದು ಹದಿನಾಲ್ಕು ಗಂಟೆಗೂ ಹೆಚ್ಚು ಆರ್ಕ್ ಕೊಡುತ್ತದೆ, ಚಿಕ್ಕದು ಮೂರು ಗಂಟೆ. ಮೂರು ಗಂಟೆ ಕಮ್ಮಿ ಅನ್ನಿಸಬಹುದು. ಹವ್ಯಾಸಿ ಒಂದು ಭಾನುವಾರ ಟಾರ್ಚ್ ಹಿಡಿದು ಆರ್ಕ್ ಉರಿಸುವುದು ಅಬ್ಬಬ್ಬಾ ಅಂದರೆ ಅರ್ಧ ಗಂಟೆ. ಉಳಿದ ಹೊತ್ತು ಉಜ್ಜುವುದು, ಹೊಂದಿಸುವುದು, ಅಲುಗದಂತೆ ಅಲ್ಲಲ್ಲಿ ಚುಕ್ಕೆ ಬೆಸುಗೆ (ಟ್ಯಾಕ್) ಹಾಕುವುದು. ಆದರೆ ಗ್ಯಾಸ್ ತುಂಬಿಸುವವರು ಎರಡಕ್ಕೂ ಕೇಳುವ ಬೆಲೆಯಲ್ಲಿ ಅಂತರ ಕಮ್ಮಿ ಇರುತ್ತದೆ, ಓಡಾಟದ ಖರ್ಚು ಎರಡಕ್ಕೂ ಒಂದೇ. ಪಟ್ಟಣದ ಒಳಗಿದ್ದರೆ ಚಿಕ್ಕದು, ಗ್ಯಾಸ್ ಏಜೆನ್ಸಿಗೆ ಐವತ್ತು ಕಿಲೋಮೀಟರ್ ಹೋಗಬೇಕಾದ ಹಳ್ಳಿಯಲ್ಲಿದ್ದರೆ ದೊಡ್ಡದು. ಭುಜದ ಮೇಲೆ ಕೊರೆದಿರುವ ಪರೀಕ್ಷೆಯ ತಾರೀಕು ನೋಡದೆ ಹಳೆಯ ಸಿಲಿಂಡರ್ ಕೊಳ್ಳಬೇಡಿ, ತಾರೀಕು ಮೀರಿದ್ದನ್ನು ತುಂಬಿಸುವುದಿಲ್ಲ. ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ. ಆರ್ಗಾನ್ ಗಾಳಿಗಿಂತ ಭಾರ, ವಾಸನೆಯಿಲ್ಲ, ತಗ್ಗಿನಲ್ಲಿ ತುಂಬಿಕೊಂಡರೆ ಉಸಿರು ಕಟ್ಟಿಸುತ್ತದೆ. ಸಂಪಿನೊಳಗೆ, ಟ್ಯಾಂಕಿನೊಳಗೆ ಇಳಿದು ಟಿಗ್ ಮಾಡಬಾರದು.

ಹೆಲ್ಮೆಟ್ಟಿಗೆ ಜಿಪುಣತನ ಬೇಡ. ತಾನಾಗಿ ಕಪ್ಪಾಗುವ ಹೆಲ್ಮೆಟ್ಟುಗಳಲ್ಲಿ ಎರಡು ಸೆನ್ಸರಿನವು ಕಡಿಮೆ ಆಂಪಿನ ಟಿಗ್ ಆರ್ಕನ್ನು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ನಾಲ್ಕು ಸೆನ್ಸರಿನದು, ಗಾಜಿನ ಕಪ್ಪನ್ನು 9ರಿಂದ 13ನೇ ಶೇಡ್‌ವರೆಗೆ ಹೊಂದಿಸುವಂಥದ್ದು ಕೊಳ್ಳಿ. ಟಿಗ್‌ನಲ್ಲಿ ಹೊಗೆ ಕಮ್ಮಿ ಇರುವುದರಿಂದ ಅದರ ಬೆಳಕು ಇನ್ನೂ ತೀಕ್ಷ್ಣ, ತುಂಬು ತೋಳಿನ ದಪ್ಪ ಹತ್ತಿ ಬಟ್ಟೆ ಇಲ್ಲದೆ ಕೂತರೆ ಸಂಜೆಗೆ ಕುತ್ತಿಗೆ ಸುಟ್ಟಿರುತ್ತದೆ.

ಟಂಗ್‌ಸ್ಟನ್ ರಾಡಿನಲ್ಲಿ ಕೆಂಪು ಬಣ್ಣದ ತುದಿಯದು ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಥೋರಿಯಂ ಇದೆ, ಅದು ವಿಕಿರಣ ಸೂಸುವ ವಸ್ತು, ಗ್ರೈಂಡ್ ಮಾಡಿದ ಧೂಳು ಉಸಿರಿಗೆ ಹೋಗಬಾರದು. ಮನೆಯ ಶೆಡ್ಡಿಗೆ ನೀಲಿ ಅಥವಾ ಚಿನ್ನದ ಬಣ್ಣದ ತುದಿಯ ಲ್ಯಾಂಥನಮ್ ರಾಡ್ ತನ್ನಿ. ಎಸಿಗೂ ಡಿಸಿಗೂ ನಡೆಯುತ್ತದೆ. 1.6 ಮತ್ತು 2.4 ಮಿಲಿಮೀಟರ್ ಎರಡಿದ್ದರೆ ಸಾಕು. ಫಿಲ್ಲರಿಗೆ ಎಂಎಸ್‌ಗೆ ಇಆರ್70ಎಸ್-2, ಸಾಮಾನ್ಯ 304 ದರ್ಜೆಯ ಎಸ್‌ಎಸ್‌ಗೆ ಇಆರ್308ಎಲ್, ಎಂಎಸ್‌ಗೂ ಎಸ್‌ಎಸ್‌ಗೂ ಜೋಡಿಸುವಾಗ ಇಆರ್309ಎಲ್.

ಒಂದು ಅಪಾಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಬೈಕ್ ಕೆಲಸ ಮಾಡುವವರು ಓದಲೇಬೇಕು. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕೆಲವು ಕ್ಲೋರಿನ್ ಇರುವ ದ್ರವದವು. ಅದನ್ನು ಹಾಕಿ ಒರೆಸಿದ ಲೋಹದ ಮೇಲೆ ಆರ್ಕ್ ಹೊತ್ತಿಸಿದರೆ ಫಾಸ್ಜೀನ್ ಎಂಬ ವಿಷದ ಗ್ಯಾಸ್ ಹುಟ್ಟುತ್ತದೆ, ಸ್ವಲ್ಪವೇ ಶ್ವಾಸಕೋಶಕ್ಕೆ ಸಾಕು. ಶುಚಿ ಮಾಡಲು ಅಸಿಟೋನ್ ಬಳಸಿ, ಪೂರ್ತಿ ಒಣಗಿದ ಮೇಲೆ, ಬಾಟಲಿ ದೂರ ಇಟ್ಟು ಬೆಸೆಯಿರಿ.

ಇನ್ನು ರಿಪೇರಿ. ಹಳ್ಳಿಯ ಶೆಡ್ಡಿನಲ್ಲಿ ಇನ್ವರ್ಟರ್ ಮಿಷನ್ ಕೊಲ್ಲುವುದು ಮೂರು: ಗ್ರೈಂಡಿಂಗ್ ಧೂಳು, ಹಲ್ಲಿ, ರಾತ್ರಿ ಕುಸಿಯುವ ವೋಲ್ಟೇಜು. ನನ್ನ ಎರಡನೇ ಮಿಷನ್ನಿನ ಬೋರ್ಡಿಗೆ ಅಡ್ಡಲಾಗಿ ಹಲ್ಲಿ ಸುಟ್ಟು ಅಂಟಿತ್ತು. ಕೆಲಸ ಮುಗಿದ ಮೇಲೆ ಬಟ್ಟೆಯ ಚೀಲ ಹೊದಿಸಿ, ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಣಗಾಳಿ ಊದಿ. ಗುರುತಿನ ಅಂಗಡಿಯಲ್ಲಿ ಬಿಲ್ ಹಾಕಿಸಿ ಕೊಂಡರೆ ಸಾವಿರ ರೂಪಾಯಿ ಹೆಚ್ಚಾದರೂ ಕೆಟ್ಟ ದಿನ ಹೊತ್ತುಕೊಂಡು ಹೋಗಲು ಒಂದು ಜಾಗವಿರುತ್ತದೆ. ಬೋರ್ಡ್ ಯಾರ ಬಳಿ ಸಿಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ.

ಅಂಗಡಿಗೆ ಹೋಗುವಾಗ

ಕೈಯಲ್ಲಿ ಒಂದು ಗೇಣುದ್ದ 1.2 ಮಿಲಿಮೀಟರ್ ಎಸ್‌ಎಸ್ ಟ್ಯೂಬ್ ಹಿಡಿದುಕೊಂಡು ಹೋಗಿ. ಮಿಷನ್ನನ್ನು 10 ಆಂಪಿಗೆ ಇಳಿಸಿ ಹೊತ್ತಿಸಲು ಹೇಳಿ. ಐದು ಸಲದಲ್ಲಿ ಐದು ಸಲವೂ ಹೊತ್ತಬೇಕು, ಆರ್ಕ್ ಒಂದೇ ಜಾಗದಲ್ಲಿ ನಿಲ್ಲಬೇಕು, ಅತ್ತಿತ್ತ ಓಡಬಾರದು. ಆಮೇಲೆ 50ಕ್ಕೆ ಏರಿಸಿ ಎರಡಂಗುಲ ಎಳೆಯಿರಿ, ಸ್ವಿಚ್ ಬಿಡಿ, ಕರೆಂಟು ಇಳಿಯುವುದನ್ನು ಕಣ್ಣಲ್ಲಿ ನೋಡಿ, ಗ್ಯಾಸು ಎಷ್ಟು ಹೊತ್ತು ಹರಿಯಿತು ಎಂದು ಎಣಿಸಿ. ಹತ್ತು ಆಂಪಿಗೆ ಒಂದು ಸೆಕೆಂಡು ಎಂಬ ಲೆಕ್ಕಕ್ಕೆ ಹೊಂದಿಸಲು ಬರಬೇಕು. ಹೀಗೆ ಹೊತ್ತಿಸಿ ತೋರಿಸಲು ಒಪ್ಪದ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಅಕ್ಕನ ಮಗ ಡಿಸಿ ಎಚ್‌ಎಫ್ ಮಿಷನ್ನನ್ನೇ ತಂದ, ಪಲ್ಸ್ ಇಲ್ಲದ್ದು. ಜೊತೆಗೆ ದೊಡ್ಡ ಸಿಲಿಂಡರು, ಏಕೆಂದರೆ ಅವನಿಗೆ ಗ್ಯಾಸಿಗೆ ತುಮಕೂರಿಗೇ ಹೋಗಬೇಕು. ಬೈಕಿನ ಅಲ್ಯೂಮಿನಿಯಂ ಕವರ್ ಒಂದಿತ್ತು, ಅದನ್ನು ಪೀಣ್ಯದಲ್ಲಿ ನಾನೇ ಮಾಡಿಸಿಕೊಟ್ಟೆ. ಮೊನ್ನೆ ಭಾನುವಾರ ಹಾಲಿನ ಕ್ಯಾನಿನ ಹಿಡಿ ಬೆಸೆದು ಫೋಟೊ ಕಳಿಸಿದ್ದ. ಬೆಸುಗೆಯ ಗೆರೆ ಉದ್ದಕ್ಕೂ ಒಣಹುಲ್ಲಿನ ಬಣ್ಣ, ಅಲ್ಲಲ್ಲಿ ಸ್ವಲ್ಪ ನೀಲಿ, ಎಸ್‌ಎಸ್‌ನಲ್ಲಿ ಇದು ಒಳ್ಳೆಯ ಗುರುತು. ಕೊನೆಯ ಒಂದು ಚುಕ್ಕೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಫೋನ್ ಮಾಡಿ ಕೇಳಿದೆ, "ಆರ್ಕ್ ಆರಿದ ತಕ್ಷಣ ಟಾರ್ಚ್ ಎತ್ತಿದ್ಯಾ?" ಹೌದು ಮಾವ ಅಂದ. 60 ಆಂಪಿನಲ್ಲಿ ಮಾಡಿದ್ದನಂತೆ. ಆರು ಎಣಿಸುವವರೆಗೆ ಕೈ ಅಲ್ಲೇ ಇರಲಿ ಅಂದೆ.